ಮಡಿಲಲ್ಲಿ ಬಿಚ್ಚಿಕೊಳ್ಳುವ ಪುಸ್ತಕ

ಪುಟ್ಟ ಮಕ್ಕಳಿಗೆ ಯಾವ ಚಿತ್ರಪುಸ್ತಕ ಕೊಡಬೇಕು? ಅಹಮದಾಬಾದ್, ವಡೋದರಾ, ಸೂರತ್ ನಗರಗಳ ಮಕ್ಕಳ ಸಾಹಿತ್ಯದ ಪರಂಪರೆಯಲ್ಲಿ ಈ ಪ್ರಶ್ನೆಗೆ ಒಳ್ಳೆಯ ಉತ್ತರಗಳಿವೆ. ಅಲ್ಲಿ ನೆಲೆಸಿದ ಕನ್ನಡ ಮನೆಗಳಿಗೂ, ಇಲ್ಲಿನ ನಮಗೂ ಅವು ದಾರಿ ತೋರುತ್ತವೆ.

ಗುಜರಾತಿನ ಅನೇಕ ಮನೆಗಳಲ್ಲಿ ಮಗು ಹುಟ್ಟಿದ ಆರನೆಯ ದಿನ ‘ಛಠ್ಠಿ’ ಆಚರಿಸುತ್ತಾರೆ. ಆ ರಾತ್ರಿ ಕೂಸಿನ ಹತ್ತಿರ ಒಂದು ಹಾಳೆ, ಒಂದು ಲೇಖನಿ ಇಟ್ಟು ಮಲಗುತ್ತಾರೆ. ಎಲ್ಲರೂ ನಿದ್ದೆಹೋದ ಮೇಲೆ ವಿಧಾತಾ ಬಂದು ಕೂಸಿನ ಹಣೆಬರಹ ಬರೆದು ಹೋಗುತ್ತಾಳೆಂಬ ನಂಬಿಕೆ. ಉತ್ತರ ಕರ್ನಾಟಕದವರಿಗೆ ಇದು ಹೊಸ ಮಾತಲ್ಲ. ಅಲ್ಲಿ ಬರೆಯುವವಳು ಸಟವಿ. ಕೂಸಿಗೆ ಹೆಸರಿಡುವ ಹಕ್ಕು ಗುಜರಾತಿನಲ್ಲಿ ‘ಫೋಯಿ’ಯದು, ಅಂದರೆ ಸೋದರತ್ತೆಯದು. ಆಮೇಲೆ ಉಡುಗೊರೆಗಳು ಬರತೊಡಗುತ್ತವೆ: ಬೆಳ್ಳಿಯ ಬಟ್ಟಲು, ಕಾಲ್ಗಡಗ, ಮೆತ್ತನೆಯ ಅಂಗಿ, ಗಿಲಕಿ, ಬ್ಯಾಟರಿ ಹಾಕಿದರೆ ಹಾಡುವ ಗೊಂಬೆ. ಹಾಳೆ, ಲೇಖನಿಯ ಸಾಕ್ಷಿಯಲ್ಲಿ ಬದುಕು ತೊಡಗಿದ ಆ ಕೂಸಿಗೆ ಬರುವ ರಾಶಿಯಲ್ಲಿ ಪುಸ್ತಕ ಸಿಗುವುದು ಅಪರೂಪ. ಓದಲು ಬಾರದ ಕೂಸಿಗೆ ಪುಸ್ತಕವೇಕೆ ಎಂದು ಕೊಡುವವರೂ ಕೇಳುತ್ತಾರೆ, ಪಡೆಯುವವರೂ ಕೇಳುತ್ತಾರೆ.

ಚಿತ್ರಪುಸ್ತಕವನ್ನು ಮಗು ಒಂಟಿಯಾಗಿ ಓದುವುದಿಲ್ಲ. ಅಜ್ಜಿಯ ಮಡಿಲಲ್ಲೋ ಅಪ್ಪನ ತೊಡೆಯ ಮೇಲೋ ಕೂತು, ದನಿ ಕೇಳುತ್ತಾ ಚಿತ್ರ ನೋಡುತ್ತದೆ. ಒಂದು ಪುಟದಲ್ಲಿ ಎರಡು ಓದು ಒಟ್ಟಿಗೆ ನಡೆಯುತ್ತವೆ: ದೊಡ್ಡವರದು ಅಕ್ಷರದ ಓದು, ಮಗುವಿನದು ಚಿತ್ರದ ಓದು. ಹಾಗಾಗಿ ಚಿತ್ರಪುಸ್ತಕ ಕೊಡುವವರು ಯಾವಾಗಲೂ ಇಬ್ಬರಿಗೆ ಕೊಡುತ್ತಾರೆ. ಮಗುವಿಗೆ ಇಷ್ಟವಾದ ಪುಸ್ತಕವನ್ನು ಅದೇ ಸಂಜೆ ಮತ್ತೆ, ಮರುದಿನ ಮತ್ತೆ, ತಿಂಗಳುಗಟ್ಟಲೆ ಮತ್ತೆ ಮತ್ತೆ ಓದಬೇಕಾಗುತ್ತದೆ. ನಲವತ್ತನೆಯ ಸಲವೂ ದೊಡ್ಡವರು ಬೇಸರವಿಲ್ಲದೆ ಓದಬಲ್ಲ ಪುಸ್ತಕವೇ ಒಳ್ಳೆಯ ಉಡುಗೊರೆ. ಆಯ್ಕೆಯ ಉಳಿದ ಸೂತ್ರಗಳೆಲ್ಲ ಇದರಿಂದಲೇ ಹುಟ್ಟುತ್ತವೆ.

ವಡೋದರಾ: ಪೆಟ್ಟಿಗೆಯಲ್ಲಿ ಊರೂರಿಗೆ

ಪುಸ್ತಕವನ್ನು ಓದುಗರ ಮನೆಬಾಗಿಲಿಗೆ ಒಯ್ಯಬೇಕೆಂಬ ಆಲೋಚನೆ ವಡೋದರಾಕ್ಕೆ ಹಳೆಯದು. 1875ರಿಂದ 1939ರವರೆಗೆ ಬರೋಡಾ (ವಡೋದರಾ) ಸಂಸ್ಥಾನ ಆಳಿದ ಮೂರನೆಯ ಸಯಾಜಿರಾವ್ ಗಾಯಕವಾಡರು 1893ರಲ್ಲಿ ಅಮ್ರೇಲಿ ಸೀಮೆಯಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣವನ್ನು ಪರೀಕ್ಷಿಸಿ ನೋಡಿದರು, 1906ರಲ್ಲಿ ಅದನ್ನು ಸಂಸ್ಥಾನದುದ್ದಕ್ಕೂ ವಿಸ್ತರಿಸಿದರು. ಶಾಲೆಯಲ್ಲಿ ಅಕ್ಷರ ಕಲಿತವನಿಗೆ ಊರಲ್ಲಿ ಓದಲು ಏನೂ ಸಿಗದಿದ್ದರೆ ಕಲಿತದ್ದು ಮರೆತುಹೋಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. 1910ರಲ್ಲಿ ಅಮೆರಿಕದಿಂದ ವಿಲಿಯಂ ಆಲನ್ಸನ್ ಬೋರ್ಡನ್ ಎಂಬ ಗ್ರಂಥಪಾಲಕರನ್ನು ಕರೆಸಿಕೊಂಡು ನಗರ, ಪಟ್ಟಣ, ಹಳ್ಳಿಗಳನ್ನು ಜೋಡಿಸುವ ಗ್ರಂಥಾಲಯಗಳ ಜಾಲ ಕಟ್ಟಿಸಿದರು. ಗ್ರಂಥಾಲಯವಿಲ್ಲದ ಊರಿಗೆ ಪೆಟ್ಟಿಗೆಯಲ್ಲಿ ಪುಸ್ತಕ ತುಂಬಿ ಕಳಿಸುವ ಏರ್ಪಾಡಿತ್ತು. ಓದಿ ಮುಗಿಸಿದ ಮೇಲೆ ಪೆಟ್ಟಿಗೆ ಹಿಂತಿರುಗಬೇಕು, ಬೇರೆ ಪೆಟ್ಟಿಗೆ ಬರಬೇಕು. ಓದಲು ಬಾರದವರಿಗೆಂದು ಚಿತ್ರಗಳ ಮೂಲಕ ತಿಳಿವಳಿಕೆ ಕೊಡುವ ವಿಭಾಗವೊಂದಿತ್ತು. ವಡೋದರಾದ ಕೇಂದ್ರ ಗ್ರಂಥಾಲಯದಲ್ಲಿ ಮಕ್ಕಳಿಗೆಂದೇ ಒಂದು ಕೋಣೆ ಇತ್ತು. ಮಗುವಿಗೂ ಗ್ರಂಥಾಲಯದಲ್ಲಿ ಜಾಗವಿದೆ ಎಂದು ಈ ದೇಶದ ಒಂದು ಸರ್ಕಾರ ನೂರು ವರ್ಷಕ್ಕೂ ಹಿಂದೆ ಒಪ್ಪಿಕೊಂಡಿತ್ತು.

ಆ ನಗರದಲ್ಲೇ ಚಿತ್ರಪುಸ್ತಕಕ್ಕೆ ಒಬ್ಬ ದೊಡ್ಡ ಕಲಾವಿದ ಸಿಕ್ಕರು. ಕೆ.ಜಿ. ಸುಬ್ರಮಣ್ಯನ್ (1924–2016) ಕೇರಳದ ಕೂತುಪರಂಬದಲ್ಲಿ ಹುಟ್ಟಿ, ಶಾಂತಿನಿಕೇತನದಲ್ಲಿ ನಂದಲಾಲ್ ಬೋಸ್, ವಿನೋದ ಬಿಹಾರಿ ಮುಖರ್ಜಿ, ರಾಮ್‌ಕಿಂಕರ್ ಬೈಜ್ ಅವರಲ್ಲಿ ಕಲಿತು, ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗದಲ್ಲಿ ಮೇಷ್ಟರಾದರು. 1960ರ ದಶಕದಲ್ಲಿ ಆ ವಿಭಾಗ ‘ಫೈನ್ ಆರ್ಟ್ಸ್ ಫೇರ್’ ಎಂಬ ಜಾತ್ರೆ ನಡೆಸತೊಡಗಿತು. ಮೇಷ್ಟರೂ ವಿದ್ಯಾರ್ಥಿಗಳೂ ಕೂಡಿ ಕೈಯಾರೆ ಮಾಡಿದ ಆಟಿಕೆ, ಗೊಂಬೆ, ಪುಟ್ಟ ಪುಸ್ತಕಗಳನ್ನು ಊರಿನವರಿಗೆ ಮಾರುತ್ತಿದ್ದರು. ಸುಬ್ರಮಣ್ಯನ್ ಅವರ ಮಕ್ಕಳ ಪುಸ್ತಕಗಳು ಬೆಳೆದದ್ದು ಆ ಜಾತ್ರೆಯ ವಾತಾವರಣದಲ್ಲಿ. ಕಾಗದ ಕತ್ತರಿಸಿ ಅಂಟಿಸಿದಂಥ ಆಕಾರಗಳು, ಎರಡು ಮೂರೇ ಬಣ್ಣ, ಪುಟಕ್ಕೆ ಒಂದೆರಡು ಸಾಲು. ಅವರ ಒಂದು ಪುಸ್ತಕದಲ್ಲಿ ದೇವರು ಮೊದಲು ಪ್ರಾಣಿಗಳನ್ನೆಲ್ಲ ಒಂದೇ ಥರ ಮಾಡಿಬಿಡುತ್ತಾನೆ. ಹುಲಿ ಯಾವುದು, ಮೊಲ ಯಾವುದು? ಮುಂದೇನು ಎಂದು ಮಗು ತಾನೇ ಯೋಚಿಸಲು ತೊಡಗುತ್ತದೆ.

ಸುಬ್ರಮಣ್ಯನ್ ಮ್ಯೂರಲ್‌ಗಳನ್ನೂ, ದೊಡ್ಡ ಕ್ಯಾನ್ವಾಸುಗಳನ್ನೂ ಮಾಡಿದವರು. ಮಕ್ಕಳ ಪುಸ್ತಕಕ್ಕೂ ಅದೇ ಕೈ, ಅದೇ ಶ್ರದ್ಧೆ ಕೊಟ್ಟರು. ಪುಸ್ತಕ ಕೊಳ್ಳುವವರಿಗೆ ಇದು ಮೊದಲ ಪಾಠ. ಕಂಪ್ಯೂಟರಿನಿಂದ ಎತ್ತಿಟ್ಟ, ಯಾವ ಪುಸ್ತಕಕ್ಕೆ ಹಾಕಿದರೂ ಹೊಂದುವ ನಗುಮುಖಗಳು ಅಂಗಡಿಗಳ ತುಂಬ ಇವೆ. ಅವನ್ನು ಬದಿಗಿಟ್ಟು, ಒಬ್ಬರ ಕೈ ಕಾಣುವ ಚಿತ್ರ ಆರಿಸಬೇಕು. ಹೊದಿಕೆಯ ಮೇಲೆ ಬರೆದವರ ಹೆಸರಿನ ಜೊತೆ ಚಿತ್ರ ಬಿಡಿಸಿದವರ ಹೆಸರೂ ಇದೆಯೇ ನೋಡಿ. ಚಿತ್ರಕಾರರ ಹೆಸರನ್ನೇ ಹಾಕದ ಪ್ರಕಾಶಕರು ಚಿತ್ರಕ್ಕೆ ಎಷ್ಟು ಬೆಲೆ ಕೊಟ್ಟಾರು?

ಅಹಮದಾಬಾದ್: ಬೀದಿ ಬರೆದ ಪುಟಗಳು

ಅಹಮದಾಬಾದಿನ ಪಾಲ್ಡಿಯಲ್ಲಿರುವ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಎನ್‌ಐಡಿ, ಆರಂಭವಾದದ್ದು 1961ರಲ್ಲಿ. ಅಕ್ಷರ, ಚಿತ್ರ, ಆನಿಮೇಷನ್ ಕಲಿತ ಎಷ್ಟೋ ಜನ ಅಲ್ಲಿಂದ ಮಕ್ಕಳ ಪುಸ್ತಕಕ್ಕೆ ಬಂದರು. ವಡೋದರಾದಲ್ಲಿ ಚಿತ್ರಕಲೆ ಕಲಿತು ಎನ್‌ಐಡಿಯಲ್ಲಿ ಬಹುಕಾಲ ಕಲಿಸಿದ ನೀನಾ ಸಬ್ನಾನಿ ಅವರಲ್ಲೊಬ್ಬರು. ಅವರ ‘ಮುಕಂದ್ ಅಂಡ್ ರಿಯಾಜ್’ ಮೊದಲು ಆನಿಮೇಷನ್ ಚಿತ್ರವಾಗಿ ಬಂದು ಆಮೇಲೆ ಪುಸ್ತಕವಾಯಿತು. ದೇಶ ವಿಭಜನೆಯ ಹೊತ್ತಿನಲ್ಲಿ ಬೇರಾದ ಇಬ್ಬರು ಗೆಳೆಯರ ಕಥೆ ಅದು. ಬಟ್ಟೆಯ ತುಂಡುಗಳನ್ನು ಹೊಲಿದು ಮೂಡಿಸಿದ ಚಿತ್ರಗಳು, ಬಣ್ಣ ಬಣ್ಣದ ತೇಪೆಗಳು. ನೋವಿನ ಸಂಗತಿಯನ್ನು ಐದಾರು ವರ್ಷದ ಮಗುವಿಗೆ ಹೇಳುವುದು ಹೇಗೆ ಎಂದು ಅಳುಕುವವರು ಈ ಪುಸ್ತಕ ತೆರೆದು ನೋಡಬೇಕು.

ಅದೇ ನಗರದ ಬೀದಿಗಳಿಂದ ಬಂದ ಪುಸ್ತಕಗಳೂ ಇವೆ. ತೇಜು ಬೆಹನ್ ಮತ್ತು ಅವರ ಗಂಡ ಗಣೇಶ್ ಜೋಗಿ ರಾಜಸ್ಥಾನದಿಂದ ಹಾಡುತ್ತಾ ಬಂದು ಅಹಮದಾಬಾದಿನಲ್ಲಿ ನೆಲೆಯಾದವರು. ಕೈಗೆ ಪೆನ್ನು ಕೊಟ್ಟು ಚಿತ್ರ ಬರೆಯಿರೆಂದು ಹುರಿದುಂಬಿಸಿದವರು ಕಲಾವಿದ ಹಕು ಶಾ. ತೇಜು ಬೆಹನ್ ಅವರ ‘ಡ್ರಾಯಿಂಗ್ ಫ್ರಮ್ ದ ಸಿಟಿ’ಯನ್ನು ಚೆನ್ನೈನ ತಾರಾ ಬುಕ್ಸ್ 2012ರಲ್ಲಿ ಪ್ರಕಟಿಸಿತು. ಹಳ್ಳಿಯ ಬಡತನ, ಮೊದಲ ರೈಲು, ದೊಡ್ಡ ಊರು, ಮದುವೆ, ಹಾಡು, ಚಿತ್ರ, ಎಲ್ಲವೂ ಕಪ್ಪು ಗೆರೆ ಮತ್ತು ಚುಕ್ಕಿಗಳಲ್ಲಿ. ಕೊನೆಕೊನೆಗೆ ಅವರ ಹೆಂಗಸರು ಸೈಕಲ್ ತುಳಿಯುತ್ತಾರೆ, ಕಾರು ಓಡಿಸುತ್ತಾರೆ, ಆಕಾಶಕ್ಕೂ ಏರುತ್ತಾರೆ. ಹೆಣ್ಣುಮಕ್ಕಳಿಗೆ ಧೈರ್ಯದ ಮಾತು ಹೇಳಬೇಕೆಂದು ಉಪದೇಶದ ಪುಸ್ತಕ ಹುಡುಕುವವರಿಗೆ ಈ ಗೆರೆಗಳು ಹೆಚ್ಚು ಗಟ್ಟಿಯಾದ ಉತ್ತರ.

‘ಮಾತಾ ನಿ ಪಚೇಡಿ’ ಅಹಮದಾಬಾದಿನ ಇನ್ನೊಂದು ಸೊತ್ತು. ದೇವಸ್ಥಾನದೊಳಗೆ ಬಿಡದಿದ್ದ ಸಮುದಾಯದವರು ಬಟ್ಟೆಯ ಮೇಲೆ ದೇವಿಯನ್ನು ಬರೆದು, ಆ ಬಟ್ಟೆಯನ್ನೇ ಗುಡಿ ಮಾಡಿಕೊಂಡ ಕಲೆ ಅದು. ಕೆಂಪು, ಕಪ್ಪು, ಬಿಳಿ ಅದರ ಮುಖ್ಯ ಬಣ್ಣಗಳು. ಆ ಪರಂಪರೆಯ ಜಗದೀಶ್ ಚಿತಾರಾ ಅವರ ಕಲೆಯಿಂದ ತಾರಾ ಬುಕ್ಸ್ ಬಟ್ಟೆಯ ಪುಸ್ತಕವನ್ನೇ ತಂದಿತು. ಇಂಥ ಕೈಮುದ್ರಣದ ಪುಸ್ತಕಗಳು ದುಬಾರಿ, ಎಲ್ಲರೂ ಕೊಳ್ಳಲಾಗದು. ಆದರೂ ನಾಲ್ಕು ಜನ ಸಂಬಂಧಿಕರು ಸೇರಿ ಒಂದು ಗೊಂಬೆಮನೆ ಕೊಡುವ ಬದಲು ಮಗುವಿಗೆ ಆರೇಳು ವರ್ಷವಾದಾಗ ಇಂಥದೊಂದನ್ನು ಕೊಟ್ಟರೆ ಮಗು ದೊಡ್ಡದಾದ ಮೇಲೂ ಅದು ಕಪಾಟಿನಲ್ಲಿ ಉಳಿಯುತ್ತದೆ.

ಕಡಿಮೆ ಖರ್ಚಿನ ದಾರಿಯೂ ಆ ನಗರದಲ್ಲೇ ಇದೆ. ಸಾಬರಮತಿ ದಂಡೆಯ ರವಿವಾರಿ ಸಂತೆಯಲ್ಲಿ ಹಳೆಯ ಪುಸ್ತಕಗಳ ರಾಶಿ ಸಿಗುತ್ತದೆ. ಪುಟ ಪೂರ್ತಿ ಇವೆಯೇ, ಬೆನ್ನು ಬಿಟ್ಟಿಲ್ಲವೇ ಎಂದು ನೋಡಿ ಕೊಂಡರೆ ಹಳೆಯ ಪುಸ್ತಕವೂ ಒಳ್ಳೆಯ ಉಡುಗೊರೆಯೇ. ಎಲ್ಲಿಸ್ ಬ್ರಿಜ್ ಬಳಿಯ ಎಂ.ಜೆ. ಗ್ರಂಥಾಲಯಕ್ಕೆ ಮಗುವಿನ ಹೆಸರಿನಲ್ಲಿ ಸದಸ್ಯತ್ವ ಮಾಡಿಸಿಕೊಡುವುದು ಅದಕ್ಕಿಂತ ದೊಡ್ಡ ಉಡುಗೊರೆ. ಗಾಂಧೀಜಿ ತಮ್ಮ ಆಶ್ರಮದ ಪುಸ್ತಕಗಳನ್ನು ಕೊಟ್ಟ ಗ್ರಂಥಾಲಯ ಅದು.

ಸೂರತ್: ಮೇಕೆಮುಖದ ಗೃಹಸ್ಥ

ಸೂರತ್ ಎಂದರೆ ನಮಗೆ ನೆನಪಾಗುವುದು ವಜ್ರ ಮತ್ತು ಸೀರೆ. ಗುಜರಾತಿ ಮಕ್ಕಳ ಸಾಹಿತ್ಯಕ್ಕೆ ಸೂರತ್ ಎಂದರೆ ‘ಗಾಂಡೀವ’. ಈ ಹೆಸರಿನ ಮಕ್ಕಳ ಪತ್ರಿಕೆಯಲ್ಲಿ 1936ರಲ್ಲಿ ಹರಿಪ್ರಸಾದ್ ವ್ಯಾಸರು ‘ಬಕೋರ್ ಪಟೇಲ್’ ಕಥೆಗಳನ್ನು ಬರೆಯತೊಡಗಿದರು, ಸುಮಾರು ಎರಡು ದಶಕ ಬರೆದರು. ಬಕೋರ್ ಪಟೇಲನಿಗೆ ಮೇಕೆಯ ಮುಖ, ಮನುಷ್ಯನ ಮೈ. ಹೆಂಡತಿ ಶಕರಿ ಪಟಲಾಣಿಯದೂ ಮೇಕೆಯ ಮುಖವೇ. ಅವನ ನೆಂಟರು, ಗೆಳೆಯರಿಗೂ ಹುಲಿ, ಆನೆ, ಒಂಟೆಗಳ ಮುಖ. ಬಾಳುವುದೆಲ್ಲ ಮಧ್ಯಮವರ್ಗದ ಗುಜರಾತಿ ಮನೆಗಳ ಹಾಗೆಯೇ, ಅದೇ ಅವಸರ, ಅದೇ ಫಜೀತಿ. ಅಜ್ಜ ಓದಿದ್ದನ್ನು ಅಪ್ಪ ಓದಿದ, ಅಪ್ಪ ಓದಿದ್ದನ್ನು ಮಗಳು ಕೇಳಿದಳು. ನಗು ಮಗುವಿನೊಡನೆ ದೊಡ್ಡವರಿಗೂ ಬರುತ್ತದೆ ಎನ್ನುವುದೇ ಆ ಕಥೆಗಳ ಬಾಳಿಕೆಯ ಗುಟ್ಟು.

ಅದೇ 1936ರಲ್ಲಿ ಕನ್ನಡದಲ್ಲಿ ಶಿವರಾಮ ಕಾರಂತರ ‘ಬಾಲಪ್ರಪಂಚ’ದ ಸಂಪುಟಗಳು ಬಂದವು. ಒಂದು ಕಡೆ ಜಗತ್ತನ್ನೇ ಚಿತ್ರಸಹಿತ ಮಕ್ಕಳ ಮುಂದಿಡುವ ಸಾಹಸ, ಇನ್ನೊಂದು ಕಡೆ ನಗಿಸುವ ಮೇಕೆ. ಮಗುವಿಗೆ ಎರಡೂ ಬೇಕು. ಉಡುಗೊರೆ ಕೊಡುವವರು ಜ್ಞಾನದ ಕಡೆಗೇ ವಾಲುವುದುಂಟು: ನೂರು ಹಣ್ಣುಗಳ ಹೆಸರು, ಐವತ್ತು ವಾಹನಗಳ ಹೆಸರು, ಬಣ್ಣ ಕಲಿಸುವ ಹತ್ತು ಪುಸ್ತಕಗಳ ಡಬ್ಬಿ. ಅವುಗಳಲ್ಲಿ ಹೆಸರುಗಳಿವೆ, ಕಥೆಯಿಲ್ಲ. ಕಥೆಯಿಲ್ಲದಲ್ಲಿ ‘ಮುಂದೇನಾಯ್ತು’ ಎಂಬ ಪ್ರಶ್ನೆಯೂ ಇಲ್ಲ.

ಗುಜರಾತಿನ ಮಕ್ಕಳು ‘ಮೀಸೆಯ ಅಮ್ಮ’ ಎಂದು ಕರೆದ ಗಿಜುಭಾಯಿ ಬಧೇಕಾ (1885–1939) ಈ ಮಾತನ್ನು ಎಂದೋ ಹೇಳಿದ್ದರು. ವಕೀಲಿ ಬಿಟ್ಟು ಶಿಕ್ಷಕರಾದ ಅವರು 1920ರಲ್ಲಿ ಭಾವನಗರದ ದಕ್ಷಿಣಾಮೂರ್ತಿಯಲ್ಲಿ ಬಾಲಮಂದಿರ ತೆರೆದರು. ಅವರ ‘ದಿವಾಸ್ವಪ್ನ’ದ ಮೇಷ್ಟರು ಗದ್ದಲದ ತರಗತಿಯನ್ನು ಗೆಲ್ಲುವುದು ಕಥೆ ಹೇಳಿಯೇ. ಕಥೆಯ ಮೊದಲ ಕೆಲಸ ಆನಂದ ಕೊಡುವುದು ಎಂದು ಅವರು ನಂಬಿದ್ದರು. ಕೊನೆಯ ಪುಟದಲ್ಲಿ ದಪ್ಪಕ್ಷರದ ನೀತಿಯಿರುವ ಪುಸ್ತಕ ಕಂಡಾಗ ಗಿಜುಭಾಯಿಯನ್ನು ನೆನೆದು ಅದನ್ನು ಅಂಗಡಿಯಲ್ಲೇ ಬಿಟ್ಟುಬರಬಹುದು.

ವಯಸ್ಸಿಗೆ ತಕ್ಕಂತೆ

ಹುಟ್ಟಿದ ಕೂಸಿಗೆ ಸ್ಪಷ್ಟವಾಗಿ ಕಾಣುವುದು ಸುಮಾರು 20ರಿಂದ 30 ಸೆಂಟಿಮೀಟರ್ ದೂರದ್ದು, ಅಂದರೆ ಎತ್ತಿಕೊಂಡವರ ಮುಖದಷ್ಟು ದೂರ. ಮೊದಲ ಕೆಲವು ತಿಂಗಳಿಗೆ ಕಪ್ಪು ಬಿಳುಪಿನ ದೊಡ್ಡ ಆಕಾರಗಳು ಸಾಕು. ಆರು ತಿಂಗಳ ಹೊತ್ತಿಗೆ ಪುಸ್ತಕ ಬಾಯಿಗೆ ಹೋಗುತ್ತದೆ. ಅದು ಆ ವಯಸ್ಸಿನ ಓದು. ತೊಳೆಯಬಹುದಾದ ಬಟ್ಟೆಯ ಪುಸ್ತಕ ಅಥವಾ ಮೂಲೆ ದುಂಡಗಿರುವ ದಪ್ಪ ರಟ್ಟಿನ ಪುಸ್ತಕ ಇಲ್ಲಿ ತಕ್ಕದ್ದು. ಕಳಚಿ ಬರುವ ಮಣಿ, ಗುಂಡಿ, ಬಟನ್ ಸೆಲ್ ಇರುವ ಸದ್ದಿನ ಪುಸ್ತಕಗಳು ಬೇಡವೇ ಬೇಡ.

ಒಂದರಿಂದ ಮೂರು ವರ್ಷದವರಿಗೆ ಮತ್ತೆ ಮತ್ತೆ ಬರುವ ಸಾಲು, ಪ್ರಾಸ, ಸದ್ದು ಬೇಕು. ಅಶೋಕ್ ರಾಜಗೋಪಾಲನ್ ಬರೆದು ಚಿತ್ರಿಸಿದ, ಚೆನ್ನೈನ ತೂಲಿಕಾ ಪ್ರಕಟಿಸಿದ ‘ಗಜಪತಿ ಕುಲಪತಿ’ಯಲ್ಲಿ ಒಂದು ಊರಿನ ಆನೆಗೆ ನೆಗಡಿಯಾಗುತ್ತದೆ. ಆ ಮಹಾಸೀನು ಬರುವ ಪುಟಕ್ಕಾಗಿ ಮಕ್ಕಳು ಉಸಿರು ಬಿಗಿಹಿಡಿದು ಕಾಯುತ್ತಾರೆ. ಓದುವವರು ಎಷ್ಟು ಜೋರಾಗಿ ಸೀನಬಲ್ಲರೋ ಪುಸ್ತಕಕ್ಕೆ ಅಷ್ಟು ಬೆಲೆ. ಎರಿಕ್ ಕಾರ್ಲ್ 1969ರಲ್ಲಿ ಮಾಡಿದ ಹಸಿದ ಕಂಬಳಿಹುಳುವಿನ ಪುಸ್ತಕದಲ್ಲಿ ಹುಳು ತಿಂದ ಕಡೆಯೆಲ್ಲ ಹಾಳೆಯಲ್ಲೇ ತೂತು. ಬೆರಳು ತೂರಿಸಿ ಓದುವ ಪುಸ್ತಕ ಅದು.

ಮೂರರಿಂದ ಆರು ವರ್ಷದವರು ಚಿತ್ರದಲ್ಲಿ ಅಕ್ಷರ ಹೇಳದ ಸಂಗತಿಗಳನ್ನು ಹುಡುಕುತ್ತಾರೆ. ಮೂಲೆಯಲ್ಲಿ ಇಣುಕುವ ಬೆಕ್ಕು, ಕಿಟಕಿಯಾಚೆ ಹಾರುವ ಗಾಳಿಪಟ ಅವರ ಕಣ್ಣಿಗೆ ಮೊದಲು ಬೀಳುತ್ತವೆ. ಆದ್ದರಿಂದ ಅಂಗಡಿಯಲ್ಲಿ ಒಂದು ಪರೀಕ್ಷೆ ಮಾಡಿ: ಬರಹವನ್ನು ಕೈಯಿಂದ ಮುಚ್ಚಿ ಚಿತ್ರಗಳನ್ನಷ್ಟೇ ನೋಡುತ್ತಾ ಪುಟ ತಿರುವಿ. ಒಂದು ಕಥೆ ಕಾಣುತ್ತದೆಯೇ? ಆಮೇಲೆ ಚಿತ್ರ ಮುಚ್ಚಿ ಮೊದಲ ಎರಡು ಪುಟಗಳನ್ನು ದನಿಯೆತ್ತಿ ಓದಿ. ನಾಲಗೆ ತಡವರಿಸದೆ ಹರಿಯುತ್ತದೆಯೇ? ಎರಡರಲ್ಲೂ ಗೆದ್ದ ಪುಸ್ತಕವನ್ನು ಕಣ್ಣುಮುಚ್ಚಿ ಕೊಳ್ಳಬಹುದು. ದೂರದಿಂದ ತರಿಸುವವರಿಗೆ ಈ ಪರೀಕ್ಷೆ ಸಾಧ್ಯವಾಗದು. ಒಳಪುಟಗಳ ಚಿತ್ರ ತೋರಿಸುವ ಪ್ರಕಾಶಕರಿಂದ ತರಿಸಿಕೊಳ್ಳಲಿ.

ಆರರ ನಂತರ ಮಗು ಅಕ್ಷರ ಓದತೊಡಗುತ್ತದೆ. ಇನ್ನು ಚಿತ್ರದ ಪುಸ್ತಕ ಸಾಕು ಎಂದು ಹಿರಿಯರು ನಿರ್ಧರಿಸಿಬಿಡುವುದು ಆ ಹೊತ್ತಿಗೇ. ಅದು ಆತುರದ ನಿರ್ಧಾರ. ಮಹಾಶ್ವೇತಾದೇವಿ ಬರೆದ ‘ದ ವೈ ವೈ ಗರ್ಲ್’ನ ಮೊಯ್ನಾ ಎಂಬ ಬುಡಕಟ್ಟಿನ ಹುಡುಗಿ ‘ಯಾಕೆ, ಯಾಕೆ’ ಎಂದು ಕೇಳುತ್ತಲೇ ಇರುತ್ತಾಳೆ. ಆ ಪುಸ್ತಕ ಏಳೆಂಟು ವರ್ಷದವರಿಗೂ ಚೆನ್ನ, ಅವರ ಅಪ್ಪ ಅಮ್ಮಂದಿರಿಗೂ ಚೆನ್ನ.

ಒಂದೇ ಕಥೆ, ಎರಡು ಲಿಪಿ

ಬ್ಯಾಂಕು, ತೈಲ, ಗೊಬ್ಬರ, ಬಾಹ್ಯಾಕಾಶ ಸಂಶೋಧನೆ, ಹೋಟೆಲು, ಬಟ್ಟೆ ವ್ಯಾಪಾರ ಎಂದು ಈ ಮೂರು ನಗರಗಳಿಗೆ ಹೋಗಿ ನೆಲೆಸಿದ ಕನ್ನಡ ಕುಟುಂಬಗಳಿವೆ. ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋದ ಮೇಲೆ ಕರಾವಳಿಗೂ ವಡೋದರಾಕ್ಕೂ ಹೊಸ ನಂಟು ಬೆಳೆಯಿತು. ಅಲ್ಲಿನ ಕನ್ನಡ ಮಗು ಮನೆಯಲ್ಲಿ ಕನ್ನಡ, ಓಣಿಯಲ್ಲಿ ಗುಜರಾತಿ, ಟಿವಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಕೇಳುತ್ತದೆ. ಊರಿನಿಂದ ಅಜ್ಜಿ ಕಳಿಸುವ ಪುಸ್ತಕವೂ ಇಂಗ್ಲಿಷಿನದೇ ಆದರೆ ಕನ್ನಡ ಅಕ್ಷರ ಆ ಮಗುವಿನ ಕಣ್ಣಿಗೆ ಬೀಳುವುದಾದರೂ ಎಲ್ಲಿ?

ಇಲ್ಲಿ ನನ್ನದೊಂದು ಸಲಹೆಯಿದೆ: ಜೋಡಿ ಉಡುಗೊರೆ. ತೂಲಿಕಾ ತನ್ನ ಪುಸ್ತಕಗಳನ್ನು ಕನ್ನಡ, ಗುಜರಾತಿ ಸೇರಿ ಒಂಬತ್ತು ಭಾಷೆಗಳಲ್ಲಿ ತರುತ್ತದೆ. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯ ಮಾಲೆಯೂ ಹಲವು ಭಾಷೆಗಳಲ್ಲಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ಜಾಲತಾಣದಲ್ಲಿ ಎರಡೂ ಭಾಷೆಯ ಚಿತ್ರಕಥೆಗಳನ್ನು ಉಚಿತವಾಗಿ ಓದಬಹುದು. ಒಂದೇ ಪುಸ್ತಕದ ಕನ್ನಡ ಪ್ರತಿ, ಗುಜರಾತಿ ಪ್ರತಿ ಎರಡನ್ನೂ ಕೊಡಿ. ಚಿತ್ರ ಒಂದೇ, ಲಿಪಿ ಬೇರೆ. ಕನ್ನಡದ್ದನ್ನು ಮನೆಯಲ್ಲಿ ಅಮ್ಮ ಓದುತ್ತಾಳೆ. ಗುಜರಾತಿಯದನ್ನು ಪಕ್ಕದ ಮನೆಯ ಬಾ, ಅಂದರೆ ಅಜ್ಜಿ, ಓದುತ್ತಾಳೆ. ಕಥೆ ಮೊದಲೇ ಗೊತ್ತಿರುವುದರಿಂದ ಹೊಸ ಭಾಷೆ ಮಗುವನ್ನು ಹೆದರಿಸುವುದಿಲ್ಲ. ಪ್ರಥಮ್, ಎನ್‌ಬಿಟಿ, ಚಿಲ್ಡ್ರನ್ಸ್ ಬುಕ್ ಟ್ರಸ್ಟ್‌ಗಳ ಎಷ್ಟೋ ಪುಸ್ತಕಗಳು ನೂರು ರೂಪಾಯಿಯೊಳಗೆ ಸಿಗುವುದರಿಂದ ಜೋಡಿ ಕೊಂಡರೂ ಒಂದು ಪ್ಲಾಸ್ಟಿಕ್ ಕಾರಿನ ಬೆಲೆ ಆಗುವುದಿಲ್ಲ.

ಕೊಟ್ಟು ಬಂದರೆ ಕೆಲಸ ಮುಗಿಯಲಿಲ್ಲ. ಮೊದಲ ಓದು ಕೊಟ್ಟವರದೇ ಆಗಲಿ. ಕೇಕ್ ಕತ್ತರಿಸಿದ ಗಲಾಟೆ ಇಳಿದ ಮೇಲೆ, ಅಥವಾ ಮರುದಿನ, ಹತ್ತು ನಿಮಿಷ ಮಗುವಿನ ಜೊತೆ ಕೂರಬೇಕು. ಗಟಗಟ ಓದಿ ಮುಗಿಸದೆ ‘ಇವನು ಯಾಕೆ ಓಡ್ತಿದಾನೆ? ನೀನಾಗಿದ್ರೆ ಏನ್ಮಾಡ್ತಿದ್ದೆ?’ ಎಂದು ಕೇಳುತ್ತಾ ಓದಬೇಕು. ಅಮೆರಿಕದ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಪ್ರಶ್ನೆ ಕೇಳಿ ಮಗುವನ್ನೇ ಮಾತಾಡಿಸಿದ ಮನೆಗಳ ಮಕ್ಕಳ ಮಾತು ಸುಮ್ಮನೆ ಓದಿಸಿಕೊಂಡ ಮಕ್ಕಳ ಮಾತಿಗಿಂತ ಬೇಗ ಬೆಳೆದದ್ದು ಕಂಡುಬಂತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂನಲ್ಲಿ 1992ರಲ್ಲಿ ‘ಬುಕ್‌ಸ್ಟಾರ್ಟ್’ ಎಂಬ ಯೋಜನೆ ಮುನ್ನೂರು ಕೂಸುಗಳಿಗೆ ಪುಸ್ತಕದ ಉಡುಗೊರೆ ಕೊಟ್ಟು ಶುರುವಾಯಿತು. ಮುಂದೆ ಅದು ಇಡೀ ದೇಶಕ್ಕೆ ಹಬ್ಬಿತು. ಕೂಸಿಗೆ ಪುಸ್ತಕ ಕೊಡುವುದು ಸಮಾಜದ ಕೆಲಸ ಎಂದು ಅವರು ಒಪ್ಪಿಕೊಂಡರು.

ಅದನ್ನು ನಾವೂ ಒಪ್ಪಿಕೊಳ್ಳುವ ಹೊತ್ತು ಇದು. ನವೆಂಬರ್ ತಿಂಗಳ ಮೊದಲ ಹದಿನೈದು ದಿನ ನೋಡಿ: 1ಕ್ಕೆ ರಾಜ್ಯೋತ್ಸವ, 14ಕ್ಕೆ ಮಕ್ಕಳ ದಿನಾಚರಣೆ, 15ಕ್ಕೆ ಗಿಜುಭಾಯಿಯವರ ಹುಟ್ಟುಹಬ್ಬ. ಹೊರನಾಡಿನ ಕನ್ನಡ ಸಂಘಗಳು ರಾಜ್ಯೋತ್ಸವದಲ್ಲಿ ಮಕ್ಕಳಿಗೆ ಬಹುಮಾನ ಕೊಡುತ್ತವೆ. ಸ್ಟೀಲಿನ ಲೋಟ, ಪ್ಲಾಸ್ಟಿಕ್ ಟ್ರೋಫಿಗಳ ಜಾಗದಲ್ಲಿ ಈ ವರ್ಷ ಚಿತ್ರಪುಸ್ತಕ ಬರಲಿ, ಗೆದ್ದವರಿಗೆ ಮಾತ್ರವಲ್ಲದೆ ಬಂದ ಮಕ್ಕಳಿಗೆಲ್ಲ. ಸಯಾಜಿರಾಯರ ಪೆಟ್ಟಿಗೆಯ ಹಾದಿಯಲ್ಲೇ ಇಪ್ಪತ್ತು ಪುಸ್ತಕಗಳ ಒಂದು ಪೆಟ್ಟಿಗೆ ಸಂಘದ ಮನೆಮನೆಗೆ ತಿಂಗಳಿಗೊಂದು ಮನೆಯಂತೆ ಸುತ್ತಲಿ: ಹತ್ತು ಕನ್ನಡದವು, ಅವುಗಳ ಜೋಡಿಯಾಗಿ ಹತ್ತು ಗುಜರಾತಿಯವು. ಇದಕ್ಕೆ ಅನುದಾನ ಬೇಡ, ಕಟ್ಟಡ ಬೇಡ, ಪೆಟ್ಟಿಗೆಯ ಲೆಕ್ಕ ಇಡಲು ಒಬ್ಬರು ಸಾಕು. ಪೆಟ್ಟಿಗೆ ಬಂದ ಮನೆಯಲ್ಲಿ ಓದಿ ಹೇಳುವ ದನಿಯೊಂದು ಸಿದ್ಧವಿರಬೇಕು, ಅಷ್ಟೇ.